ನಿಂತು ದುಡಿಯುವವರ ಕಾಲುಗಳು

ಕಾಲಿನ ಉಬ್ಬುನರಗಳಿಗೆ ಲೇಸರ್ ಚಿಕಿತ್ಸೆಯು ನಮ್ಮ ಮಂಗಳೂರಿನಲ್ಲಿಯೇ ದೊರೆಯುವಂತಾಗಿರುವುದು ಸಂತೋಷದ ಸಂಗತಿ. ಜನರು ನರವೆಂದರೂ ಅದು ನರವಲ್ಲ; ಪಾದದಿಂದ ಹೃದಯದ ಕಡೆಗೆ ರಕ್ತವನ್ನು ಹಿಂದಿರುಗಿಸುವ ನಾಳ. ಅದರೊಳಗಿನ ಸಣ್ಣ ಕವಾಟಗಳು ಸಡಿಲಿದರೆ ಮೇಲೇರಬೇಕಾದ ರಕ್ತವು ಕೆಳಗಿಳಿದು ತಂಗುತ್ತದೆ; ನಾಳವು ಹಿಗ್ಗಿ ಸುರುಳಿಯಾಗುತ್ತದೆ. ಸಂಜೆಯಾದಂತೆ ಕಾಲು ಭಾರ, ಸೆಳೆತ. ಉದಾಸೀನ ಮಾಡಿದವರಲ್ಲಿ ಕೆಲವರಿಗೆ ಪಾದದ ಗಂಟಿನ ಬಳಿ ಚರ್ಮವು ಕಪ್ಪಾಗಿ, ತಿಂಗಳುಗಟ್ಟಲೆ ಮಾಯದ ಹುಣ್ಣೂ ಆಗುವುದುಂಟು.

ಹಿಂದೆ ತೊಡೆಸಂದಿಯಲ್ಲಿ ಕೊಯ್ದು ನಾಳವನ್ನೇ ಕಿತ್ತು ತೆಗೆಯುತ್ತಿದ್ದರು. ಸ್ಪೇನ್ ದೇಶದ ವೈದ್ಯ ಕಾರ್ಲೋಸ್ ಬೊನೆ 1999ರಲ್ಲಿ ಪ್ರಕಟಿಸಿದ ಲೇಸರ್ ವಿಧಾನದಲ್ಲಿ ಸೂಜಿಯ ರಂಧ್ರವೇ ಸಾಕು. ಸ್ಕ್ಯಾನಿಂಗ್ ಯಂತ್ರದಲ್ಲಿ ನೋಡುತ್ತ, ಸುತ್ತಲೂ ಮರವಳಿಕೆಯ ಮದ್ದು ಕೊಟ್ಟು, ಕೂದಲಿನಂತಹ ತಂತುವನ್ನು ಒಳಸೇರಿಸಿ, ಅದರ ಶಾಖದಿಂದ ನಾಳವನ್ನು ಮುಚ್ಚುತ್ತಾರೆ. ರಕ್ತವು ಬೇರೆ ನಾಳಗಳ ಮಾರ್ಗ ಹಿಡಿಯುತ್ತದೆ. ರೋಗಿಯು ಸಾಮಾನ್ಯವಾಗಿ ಅದೇ ದಿನ ನಡೆದು ಮನೆಗೆ ಹೋಗಬಹುದು. ಆದರೆ ಚರ್ಮದ ಮೇಲೆ ಕಾಣುವ ಪ್ರತಿಯೊಂದು ನೀಲಿಗೆರೆಗೂ ಲೇಸರ್ ಬೇಕಿಲ್ಲ. ಡಾಪ್ಲರ್ ಪರೀಕ್ಷೆ ಮಾಡಿಸದೆ, ಜಾಹೀರಾತಿನ ರಿಯಾಯಿತಿಯನ್ನು ನಂಬಿ ಯಾರೂ ಕಾಲು ಒಡ್ಡಬಾರದು.

ಇಷ್ಟಕ್ಕೆ ಲೇಖನಿಯನ್ನು ಕೆಳಗಿಡಬಹುದಾಗಿತ್ತು. ಆದರೆ ಹಂಪನಕಟ್ಟೆಯ ಜವಳಿ ಅಂಗಡಿಗಳನ್ನು ಒಮ್ಮೆ ಹೊಕ್ಕು ನೋಡಿರಿ. ಗಿರಾಕಿಗೆ ಮೆತ್ತನೆಯ ಆಸನ. ಸೀರೆ ಬಿಡಿಸುವ ಹೆಣ್ಣುಮಗಳಿಗೆ ಬೆಳಗಿನಿಂದ ರಾತ್ರಿಯವರೆಗೆ ಬರಿಯ ನೆಲ. ಗಿರಾಕಿಯಿಲ್ಲದ ಗಳಿಗೆಯಲ್ಲಿಯೂ ಕುಳಿತರೆ ಸೋಮಾರಿತನವೆಂದು ಗದರುವ ಧಣಿಗಳುಂಟು. ವಂಶವಾಹಿ, ಬಸಿರು, ವಯಸ್ಸು ಇವೂ ಈ ಬೇನೆಗೆ ಕಾರಣಗಳೆಂಬುದು ನಿಜ. ಬಹುಕಾಲ ನಿಂತೇ ಇರುವುದು ಅದನ್ನು ಹೆಚ್ಚಿಸುತ್ತದೆಂಬುದೂ ನಿಜವೇ. ಒಂದು ನಾಳವನ್ನು ಮುಚ್ಚಿಸಿಕೊಂಡು ಬಂದವಳನ್ನು ಪುನಃ ಹತ್ತು ತಾಸು ನಿಲ್ಲಿಸಿದರೆ ಮತ್ತೊಂದು ಉಬ್ಬಲಾರದೆಂದು ಯಾವ ವೈದ್ಯನು ಹೇಳಿಯಾನು?

ನಿಂತು ದುಡಿಯುವವರಿಗೆ ಆಸನವಿರಬೇಕೆಂದು 1948ರ ಕಾರ್ಖಾನೆ ಕಾಯಿದೆಯೇ ವಿಧಿಸಿತು. ಅಂಗಡಿಗಳಿಗೂ ಅದನ್ನು ಅನ್ವಯಿಸಿ ನೆರೆಯ ಕೇರಳವು 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನು ಮಾಡಿದವು. ಕೇರಳದಲ್ಲಿ ಅದನ್ನು ಹೋರಾಡಿ ಪಡೆದವರು ಕಲ್ಲಿಕೋಟೆಯ ಅಂಗಡಿಗಳ ಹೆಂಗಸರೇ ಎಂಬುದನ್ನು ನಮ್ಮ ವರ್ತಕರು ಮರೆಯಬಾರದು. ಲೇಸರಿನ ಒಂದು ಬಿಲ್ಲಿನಲ್ಲಿ ಎಷ್ಟು ಸ್ಟೂಲುಗಳು ಬಂದಾವೆಂಬ ಲೆಕ್ಕವನ್ನು ವ್ಯಾಪಾರಿಗಳಿಗೆ ನಾವು ಕಲಿಸಬೇಕಾಗಿಲ್ಲ. ಬರುವ ದೀಪಾವಳಿಯ ವ್ಯಾಪಾರಕ್ಕೆ ಮುಂಚೆಯೇ, ಅಧಿಕಾರಿಗಳ ನೋಟೀಸಿಗೆ ಕಾಯದೆ, ಗಲ್ಲೆಯ ಹಿಂದೆ ಅವನ್ನು ಹಾಕಿಸಬೇಕೆಂದು ಬಿನ್ನವಿಸುತ್ತೇವೆ.