ಕಡ್ಡಿ ಕೊಡುವ ಮುನ್ನ ಒಂದು ಮಾತು



ಕಳೆದ ಯುಗಾದಿಯಂದು ನಮ್ಮ ಕೂಟದ ಸಸಿ ಮಳಿಗೆಯಲ್ಲಿ ಎಲ್ಲಕ್ಕಿಂತ ಬೇಗ ಖಾಲಿಯಾದದ್ದು ತುಳಸಿಯೂ ಅಲ್ಲ, ದೊಡ್ಡಪತ್ರೆಯೂ ಅಲ್ಲ. ಗೇಣುದ್ದದ ಗಿಡದಲ್ಲಿ ಗುಂಡಿಯಷ್ಟು ಹೂ ಬಿಟ್ಟಿದ್ದ ಪುಟ್ಟ ಗುಲಾಬಿ. ಊರಿನಲ್ಲಿ ಬಟನ್ ರೋಸ್ ಎಂದು ಕರೆಯುತ್ತಿದ್ದ ಹೂವಿನ ನೆನಪು ಎಲ್ಲರಿಗೂ ಬಂದಿರಬೇಕು. ಅರವತ್ತು ಕುಂಡಗಳೂ ಮಧ್ಯಾಹ್ನದ ಊಟಕ್ಕೆ ಮೊದಲೇ ಮಾರಾಟವಾದವು. ಬಂದ ಹಣ ನಮ್ಮ ಕನ್ನಡ ತರಗತಿಯ ಮಕ್ಕಳ ಪುಸ್ತಕಗಳಿಗೆ ಸಂದಿತು. ಆ ಸಸಿಗಳನ್ನು ಸಿದ್ಧಪಡಿಸಿದವಳು ನಾನೇ. ಹಿಂದಿನ ಮೇ ತಿಂಗಳಲ್ಲಿ, ತಾಯಂದಿರ ದಿನಕ್ಕೆಂದು ಮಗ ಅಂಗಡಿಯಿಂದ ತಂದುಕೊಟ್ಟ ಕುಂಡದ ಗಿಡಗಳನ್ನು ಹಿತ್ತಲಿನಲ್ಲಿ ನೆಟ್ಟು, ಅವು ಪೊದೆಯಾದ ಮೇಲೆ ಕಡ್ಡಿ ಕತ್ತರಿಸಿ, ಚಳಿಗಾಲವಿಡೀ ಗ್ಯಾರೇಜಿನ ಕಿಟಕಿಯಲ್ಲಿಟ್ಟು ಬೇರು ಬರಿಸಿದ್ದೆ. ಆ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಮಳಿಗೆ ಮುಚ್ಚುವ ಹೊತ್ತಿಗೆ ನಮ್ಮ ಕೂಟದ ಹಿರಿಯರೊಬ್ಬರು, ಸಸ್ಯಶಾಸ್ತ್ರದ ನಿವೃತ್ತ ಅಧ್ಯಾಪಕರು, ಬಂದು ಕೇಳಿದರು: "ಇದರ ಹೆಸರೇನಮ್ಮ?"

"ಪುಟ್ಟ ಗುಲಾಬಿ, ಸರ್."

"ಅದು ಜಾತಿಯಾಯಿತು. ನಾನು ಕೇಳಿದ್ದು ಹೆಸರು. ಕುಂಡದ ಜೊತೆ ಬಂದ ಚೀಟಿಯನ್ನು ಇಟ್ಟುಕೊಂಡಿದ್ದೀಯಾ?"

ಮನೆಗೆ ಬಂದು ಹುಡುಕಿದೆ. ಚೀಟಿ ಸಿಕ್ಕಿತು. ಅದರ ಮೇಲೆ ತಳಿಯ ಹೆಸರಿತ್ತು, ಪೇಟೆಂಟ್ ಸಂಖ್ಯೆಯಿತ್ತು; ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರಗಳಲ್ಲಿ, ಪರವಾನಗಿಯಿಲ್ಲದೆ ಈ ಗಿಡದಿಂದ ಸಸಿ ಮಾಡಕೂಡದು ಎಂಬ ಸೂಚನೆಯೂ ಇತ್ತು. ಈ ವರ್ಷ ಅದೇ ಗುಲಾಬಿಯ ಇನ್ನೂ ಹೆಚ್ಚು ಸಸಿಗಳನ್ನು ಮಾರುವ ಯೋಚನೆ ಸಮಿತಿಯ ಮುಂದಿದೆ. ಅದು ಬೇಡವೆಂಬುದು ನನ್ನ ನಮ್ರ ಅಭಿಪ್ರಾಯ. ಕಾನೂನಿನ ಭಯಕ್ಕಿಂತ ಹೆಚ್ಚಾಗಿ, ಆ ಗಿಡ ಹುಟ್ಟುವ ಬಗೆಯನ್ನು ಕಣ್ಣಾರೆ ಕಂಡದ್ದರಿಂದ ಈ ಮಾತು ಬರೆಯುತ್ತಿದ್ದೇನೆ.

ಆ ಹಿರಿಯರ ಪರಿಚಯದ ಬಲದಿಂದ, ಕುಂಡದ ಗುಲಾಬಿಗಳ ಹೊಸ ತಳಿಗಳನ್ನು ರೂಪಿಸುವ ಹಸಿರುಮನೆಯೊಂದನ್ನು ನೋಡುವ ಅವಕಾಶ ನನಗೆ ಒದಗಿತು. ಅಲ್ಲಿನ ಕೆಲಸ ಆರಂಭವಾಗುವುದು ಒಂದು ಚಿಮಟ ಮತ್ತು ಒಂದು ಕುಂಚದಿಂದ. ತಾಯಿಗಿಡದ ಮೊಗ್ಗು ಅರಳುವ ಮುನ್ನವೇ ಅದರ ದಳಗಳನ್ನೂ ಕೇಸರಗಳನ್ನೂ ಬಿಡಿಸಿ ತೆಗೆಯುತ್ತಾರೆ; ಇಲ್ಲವಾದರೆ ಹೂವು ತನ್ನದೇ ಪರಾಗದಿಂದ ಕಾಯಿ ಕಟ್ಟೀತು. ಅನಂತರ, ಆಯ್ದ ತಂದೆಗಿಡದ ಪರಾಗವನ್ನು ಕುಂಚದಿಂದ ಸವರಿ, ದಿನಾಂಕ ಬರೆದ ಚೀಟಿ ಕಟ್ಟುತ್ತಾರೆ. ಕಾಯಿ ಹಣ್ಣಾಗಲು ಮೂರು ನಾಲ್ಕು ತಿಂಗಳು ಬೇಕು. ಒಳಗಿನ ಬೀಜಗಳನ್ನು ತೇವದಲ್ಲಿ, ತಣ್ಣನೆಯ ಪೆಟ್ಟಿಗೆಯಲ್ಲಿ ಹಲವು ವಾರ ಇಟ್ಟು, ಚಳಿಗಾಲ ಕಳೆಯಿತೆಂದು ಅವಕ್ಕೆ ನಂಬಿಸಬೇಕು. ಹಾಗೆ ಮಾಡಿದರೂ ಬಿತ್ತಿದ ಬೀಜಗಳಲ್ಲಿ ಎಷ್ಟೋ ಮೊಳೆಯುವುದೇ ಇಲ್ಲ.

ಮೊಳೆತ ಸಸಿಗಳು ಕೆಲವೇ ವಾರಗಳಲ್ಲಿ ಮೊದಲ ಹೂ ಬಿಡುತ್ತವೆ. ಒಂದೇ ಕಾಯಿಯ ಬೀಜಗಳಿಂದ ಬಂದರೂ ಒಂದರಂತೆ ಇನ್ನೊಂದಿರುವುದಿಲ್ಲ. ಸಾವಿರಾರು ಸಸಿಗಳ ಸಾಲಿನಲ್ಲಿ ನಡೆಯುತ್ತ ತಳಿ ತಜ್ಞರು ಮಾಡುವ ಮುಖ್ಯ ಕೆಲಸವೆಂದರೆ ಕಿತ್ತೆಸೆಯುವುದು! ನನ್ನ ಕಣ್ಣಿಗೆ ಅಪರಂಜಿಯಂತೆ ಕಂಡ ಹಳದಿ ಹೂವಿನ ಸಸಿಯೊಂದನ್ನು ಅವರು ಯೋಚಿಸದೆ ಬುಟ್ಟಿಗೆ ಹಾಕಿದಾಗ ನನ್ನ ಕೈ ತಾನಾಗಿ ಮುಂದೆ ಹೋಯಿತು. ಅವರು ನಕ್ಕು ಹೇಳಿದರು: "ಹೂ ಚೆನ್ನಾಗಿದೆ, ನಿಜ. ಆದರೆ ಗಿಡ ಕುಂಡಕ್ಕೆ ಮೀರಿ ಬೆಳೆಯುತ್ತದೆ."

ಹಸಿರುಮನೆಯಲ್ಲಿ ಬೆಳೆದು ಅಂಗಡಿಗೆ ಹೋಗಬೇಕಾದ ಗುಲಾಬಿಗೆ ಹೂವಿನ ಚೆಲುವು ಅನೇಕ ಪರೀಕ್ಷೆಗಳಲ್ಲಿ ಒಂದು ಮಾತ್ರ. ಎಲೆಯೊಂದನ್ನುಳ್ಳ ಸಣ್ಣ ಕಡ್ಡಿ ಎರಡು ಮೂರು ವಾರಗಳಲ್ಲಿ ಬೇರು ಬಿಡಬೇಕು. ಒಂದು ಕುಂಡದಲ್ಲಿ ಊರಿದ ಮೂರು ನಾಲ್ಕು ಕಡ್ಡಿಗಳೂ ಒಂದೇ ವೇಗದಲ್ಲಿ ಬೆಳೆದು, ಒಂದೇ ಎತ್ತರದಲ್ಲಿ, ಒಂದೇ ವಾರದಲ್ಲಿ ಮೊಗ್ಗು ಕಟ್ಟಬೇಕು. ಗಿಡವನ್ನು ನಡುವೆ ಕತ್ತರಿಸಿ ಸಮಗೊಳಿಸಿದಾಗ ಮತ್ತೆ ಎಲ್ಲೆಡೆಯಿಂದ ಚಿಗುರಬೇಕು. ಇಷ್ಟೆಲ್ಲ ಸುಮಾರು ಮೂರು ತಿಂಗಳಲ್ಲಿ ಮುಗಿಯದಿದ್ದರೆ ಬೆಳೆಗಾರನಿಗೆ ಶಾಖದ ಮತ್ತು ವಿದ್ಯುತ್ತಿನ ಖರ್ಚೂ ಹುಟ್ಟುವುದಿಲ್ಲ. ಬೂದಿ ರೋಗವನ್ನು ತಡೆದುಕೊಳ್ಳಬೇಕು. ಕಡೆಯದಾಗಿ ಲಾರಿಯ ಪ್ರಯಾಣ: ಮುಚ್ಚಿದ ಪೆಟ್ಟಿಗೆಯ ಕತ್ತಲಲ್ಲಿ ಹಲವು ದಿನ, ಸುತ್ತ ಎಥಿಲೀನ್ ಅನಿಲ. ಇದನ್ನು ಸಹಿಸದ ಗಿಡ ಎಲೆ ಹಳದಿಯಾಗಿ ಮೊಗ್ಗು ಉದುರಿಸುತ್ತದೆ. ಆದ್ದರಿಂದ ಆಯ್ದ ಗಿಡಗಳನ್ನು ಬೇಕೆಂದೇ ಕೆಲದಿನ ಕತ್ತಲ ಪೆಟ್ಟಿಗೆಯಲ್ಲಿಟ್ಟು, ಆಮೇಲೆ ಮನೆಯ ಕೋಣೆಯಂಥ ಮಂದ ಬೆಳಕಿಗೆ ತಂದು ನೋಡುತ್ತಾರೆ. ಇಷ್ಟನ್ನೂ ದಾಟಿ ಬಂದ ಒಂದೆರಡು ಗಿಡಗಳಿಗೆ ಹೆಸರಿಡುವ ಹೊತ್ತಿಗೆ ಹಲವು ವರ್ಷಗಳೇ ಸಂದಿರುತ್ತವೆ.

ಈ ಶ್ರಮದ ಫಲ ಎಲ್ಲಿ ಅಡಗಿದೆ? ಒಂದು ಕಡ್ಡಿಯಲ್ಲಿ. ಗುಲಾಬಿಯ ಬೀಜ ತಾಯಿಯಂತೆ ಹುಟ್ಟುವುದಿಲ್ಲ. ಕಡ್ಡಿ ಮಾತ್ರ ಕೂದಲೆಳೆಯ ವ್ಯತ್ಯಾಸವೂ ಇಲ್ಲದೆ ಅದೇ ಗಿಡವಾಗುತ್ತದೆ. ಹತ್ತಾರು ಜನರು ವರ್ಷಗಟ್ಟಲೆ ದುಡಿದು ಪಡೆದದ್ದನ್ನು ನಾನು ಅಡುಗೆಮನೆಯ ಕತ್ತರಿಯಿಂದ ಒಂದು ಭಾನುವಾರ ಅರವತ್ತು ಪಾಲು ಮಾಡಿದ್ದೆ.

ಈ ಅನ್ಯಾಯ ನಮ್ಮ ಕ್ಯಾಲಿಫೋರ್ನಿಯಾಕ್ಕೆ ಹೊಸದಲ್ಲ. ಸಾಂಟಾ ರೋಸಾದಲ್ಲಿ ಜೀವಮಾನವಿಡೀ ಹೊಸ ಹೊಸ ಹಣ್ಣು ಹೂಗಳ ತಳಿಗಳನ್ನು ಸೃಷ್ಟಿಸಿದ ಲೂಥರ್ ಬರ್ಬ್ಯಾಂಕ್ 1926ರಲ್ಲಿ ತೀರಿಕೊಂಡಾಗ, ಈ ದೇಶದಲ್ಲಿ ಗಿಡಕ್ಕೆ ಪೇಟೆಂಟ್ ಎಂಬುದೇ ಇರಲಿಲ್ಲ. ಒಮ್ಮೆ ಮಾರಿದ ಗಿಡವನ್ನು ಕೊಂಡವರು ಎಷ್ಟು ಬೇಕಾದರೂ ಬೆಳೆಸಿ ಮಾರಬಹುದಿತ್ತು. 1930ರಲ್ಲಿ ಸಸ್ಯ ಪೇಟೆಂಟ್ ಕಾಯಿದೆ ಬಂದಿತು. ಮರುವರ್ಷ ಮೊತ್ತಮೊದಲ ಸಸ್ಯ ಪೇಟೆಂಟ್ ದೊರೆತದ್ದು ಗುಲಾಬಿಗೇ: ಹೆನ್ರಿ ಬೋಸನ್‌ಬರ್ಗ್ ಅವರ 'ನ್ಯೂ ಡಾನ್' ಎಂಬ ಹಬ್ಬುಗುಲಾಬಿಗೆ. ಇಂದು ಈ ರಕ್ಷಣೆಯ ಅವಧಿ ಅರ್ಜಿ ಸಲ್ಲಿಸಿದ ದಿನದಿಂದ 20 ವರ್ಷ. ಅಲ್ಲಿಗೆ ಆ ಗಿಡ ಎಲ್ಲರ ಸ್ವತ್ತಾಗುತ್ತದೆ.

ನನ್ನ ಮಾತಿಗೆ ಬರುವ ಆಕ್ಷೇಪಗಳನ್ನು ನಾನು ಬಲ್ಲೆ; ಅವುಗಳಲ್ಲಿ ಕೆಲವು ನನ್ನ ಮನಸ್ಸಿನಲ್ಲೇ ಎದ್ದವು. ಹಾಸನದ ನಮ್ಮ ಮನೆಯಂಗಳದಲ್ಲಿದ್ದ ಯಾವ ಗುಲಾಬಿಯನ್ನೂ ಅಜ್ಜಿ ದುಡ್ಡು ಕೊಟ್ಟು ತಂದವರಲ್ಲ. ನೆಂಟರ ಮನೆಯಿಂದ ಕಡ್ಡಿ ತಂದು, ತುದಿಗೆ ಸಗಣಿ ಮೆತ್ತಿ ಊರುತ್ತಿದ್ದರು. ಕೇಳಿದವರಿಗೆ ಅಷ್ಟೇ ಧಾರಾಳವಾಗಿ ಕೊಡುತ್ತಿದ್ದರು. ಕದ್ದು ತಂದ ಕಡ್ಡಿ ಬೇಗ ಚಿಗುರುತ್ತದೆಂದು ಹೇಳಿ ನಗುತ್ತಿದ್ದರು. ಹೀಗೆ ಬೆಳೆದ ನಮಗೆ, ಗಿಡಕ್ಕೂ ಪರವಾನಗಿಯೇ ಎಂದು ಅನ್ನಿಸುವುದು ಸಹಜ. ಭಾರತದ 2001ರ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯೂ, ಸಂರಕ್ಷಿತ ತಳಿಯ ಬೀಜವನ್ನು ಬ್ರಾಂಡ್ ಹೆಸರಿನಲ್ಲಲ್ಲದೆ ಉಳಿಸಿಕೊಳ್ಳುವ, ಹಂಚಿಕೊಳ್ಳುವ, ಮಾರುವ ಹಕ್ಕನ್ನು ರೈತನಿಗೆ ಕೊಟ್ಟಿದೆ. ಆ ಉದಾರತೆಯ ಹಿಂದೆ ನಮ್ಮ ನೆಲದ ವಿವೇಕವಿದೆ. ಆದರೆ ಹೊಟ್ಟೆಪಾಡಿಗೆ ಬೀಜ ಉಳಿಸಿಕೊಳ್ಳುವ ರೈತನ ಸ್ಥಾನದಲ್ಲಿ ಮಳಿಗೆ ಹಾಕಿ ಕುಳಿತ ನಾವಿಲ್ಲ. ಅಜ್ಜಿಯೂ ಕೊಟ್ಟವರು, ಬೆಲೆಯ ಚೀಟಿ ಅಂಟಿಸಿದವರಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಆಳವಾದದ್ದು. ವರ್ಷವಿಡೀ ಮತ್ತೆ ಮತ್ತೆ ಹೂ ಬಿಡುವ ಗುಣವನ್ನು ಇಂದಿನ ಗುಲಾಬಿಗಳಿಗೆ ಕೊಟ್ಟದ್ದು ಚೀನಾದ ತೋಟಗಳ ಹಳೆಯ ಗುಲಾಬಿಗಳು. ಅವನ್ನು ಶತಮಾನಗಳ ಕಾಲ ಕಾಪಾಡಿದವರ ಹೆಸರು ಯಾರಿಗೂ ಗೊತ್ತಿಲ್ಲ, ಅವರಿಗೆ ರಾಯಧನವೂ ಸಂದಿಲ್ಲ. ಇಂದಿನ ಪುಟ್ಟ ಗುಲಾಬಿಗಳ ಪೂರ್ವಜ 'ರೂಲೆಟಿ'ಯನ್ನು ಕಳೆದ ಶತಮಾನದ ಆರಂಭದಲ್ಲಿ ಕರ್ನಲ್ ರೂಲೆ ಎಂಬವರು ಕಂಡದ್ದು ಸ್ವಿಟ್ಜರ್ಲೆಂಡಿನ ಹಳ್ಳಿಯೊಂದರ ಕಿಟಕಿಯ ಕುಂಡಗಳಲ್ಲಿ. ಹಾಲೆಂಡಿನ ಯಾನ್ ಡಿ ವಿಂಕ್ ಅದನ್ನು ಸಂಕರಿಸಿ ಪಡೆದ ಗಿಡ 1936ರಲ್ಲಿ 'ಟಾಮ್ ಥಂಬ್' ಎಂಬ ಹೆಸರಿನಿಂದ ಅಮೆರಿಕಕ್ಕೆ ಬಂದಿತು. ಹಳ್ಳಿಯ ಕಿಟಕಿಯಲ್ಲಿ ಆ ಗಿಡ ಉಳಿದಿದ್ದೇ ಯಾರೋ ಯಾರಿಗೋ ಕಡ್ಡಿ ಕೊಟ್ಟದ್ದರಿಂದ! ಈ ಋಣವನ್ನು ಒಪ್ಪಲೇಬೇಕು. ಹಾಗೆ ಒಪ್ಪಿದಾಗಲೇ ಇಪ್ಪತ್ತು ವರ್ಷಗಳ ಮಿತಿ ನ್ಯಾಯವೆನಿಸುತ್ತದೆ: ಎಲ್ಲರಿಂದ ಪಡೆದದ್ದಕ್ಕೆ ತನ್ನ ದುಡಿಮೆಯನ್ನು ಸೇರಿಸಿದವನು ಸ್ವಲ್ಪ ಕಾಲ ಫಲವುಂಡು, ಮತ್ತೆ ಎಲ್ಲರಿಗೂ ಬಿಟ್ಟುಕೊಡಬೇಕು. ಆ ಸ್ವಲ್ಪ ಕಾಲವನ್ನೂ ನಾವು ಕಾಯದಿದ್ದರೆ ಹೇಗೆ? ಕಳ್ಳಪ್ರತಿಯಲ್ಲಿ ಕನ್ನಡ ಚಿತ್ರ ನೋಡಬೇಡಿರೆಂದು ಮನೆಮನೆಗೆ ಹೇಳುವ ನಮಗೆ, ಗುಲಾಬಿಯ ವಿಷಯದಲ್ಲಿ ಬೇರೆ ನೀತಿ ಸಲ್ಲದು.

ತಳಿ ತಜ್ಞರ ಮೇಲೆ ನನಗೆ ದೂರಿಲ್ಲವೆಂದಲ್ಲ. ಲಾರಿಗೆ ಒಗ್ಗುವ, ಕುಂಡಕ್ಕೆ ಒಪ್ಪುವ ಗುಣಗಳ ಪಟ್ಟಿಯಲ್ಲಿ ಪರಿಮಳಕ್ಕೆ ಕಡೆಯ ಸ್ಥಾನ ದೊರೆತಿದೆ. ನನ್ನ ಮಗ ತಂದ ಗುಲಾಬಿಗೆ ವಾಸನೆಯೇ ಇರಲಿಲ್ಲ. ದೇವರಿಗೆ ಏರಿಸಿದೆ, ಅಜ್ಜಿಯ ಪನ್ನೀರು ಗುಲಾಬಿ ನೆನಪಾಗಿ ಮನಸ್ಸು ಸಣ್ಣದಾಯಿತು. ಗಿಡವನ್ನು ಮೂರು ವಾರದ ಅಲಂಕಾರವೆಂದು ಮಾರುವ, ಹೂ ಬಾಡಿದೊಡನೆ ಕಸಕ್ಕೆ ಹಾಕಿಸುವ ವ್ಯಾಪಾರವೂ ನನಗೆ ಹಿಡಿಸದು. ಆದರೆ ಇದಕ್ಕೆ ಮದ್ದು ಕೊಳ್ಳುವವರ ಕೈಯಲ್ಲೂ ಇದೆ. ಪರಿಮಳವುಳ್ಳದ್ದನ್ನು ಕೇಳಿ ಕೊಂಡರೆ, ಅದನ್ನು ಬೆಳೆಸುವವರೂ ಮುಂದೆ ಬಂದಾರು.

ಹೀಗಾಗದೆಂದು ಹೇಳುವವರಿಗೆ ನಮ್ಮ ಕಣಿವೆಯಲ್ಲೇ ಉತ್ತರವಿದೆ. ವೈಸೇಲಿಯಾ ಪಟ್ಟಣದ ರಾಲ್ಫ್ ಮೂರ್ ಅವರು 1937ರಲ್ಲಿ ಅಲ್ಲಿ ನರ್ಸರಿ ತೆರೆದು, ನೂರು ದಾಟಿದ ವಯಸ್ಸಿನವರೆಗೂ ಪುಟ್ಟ ಗುಲಾಬಿಗಳ ತಳಿ ರೂಪಿಸುವುದರಲ್ಲೇ ಬಾಳು ಸವೆಸಿದರು. 1977ರಲ್ಲಿ ಅವರು ಹೊರತಂದ ಹಳದಿಯ 'ರೈಸ್ ಆ್ಯಂಡ್ ಶೈನ್' ಇಂದಿಗೂ ಜನಪ್ರಿಯ. 1984ರ 'ಸ್ವೀಟ್ ಚಾರಿಯಟ್' ಗಿಡಕ್ಕೆ ಪುಟ್ಟದು, ಪರಿಮಳಕ್ಕೆ ದೊಡ್ಡದು. ಕಡೆಗೆ ನರ್ಸರಿ ಮುಚ್ಚಿದಾಗ ತಮ್ಮ ತಳಿ ಸಂಗ್ರಹವನ್ನು ಟೆಕ್ಸಾಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯಕ್ಕೆ ಕೊಟ್ಟು, 2009ರಲ್ಲಿ ತೀರಿಕೊಂಡರು. ಈ ಎರಡು ಗುಲಾಬಿಗಳ ರಕ್ಷಣೆಯ ಅವಧಿ ಎಂದೋ ಮುಗಿದಿದೆ. ಇವುಗಳ ಕಡ್ಡಿಯನ್ನು ಯಾರು ಬೇಕಾದರೂ ಊರಬಹುದು.

ಆದ್ದರಿಂದ ಸಮಿತಿಯ ಮುಂದೆ ನನ್ನ ಸಲಹೆಗಳು ಇಷ್ಟೇ. ಮಳಿಗೆಗೆ ಸಸಿ ತರುವವರು ತಾಯಿಗಿಡದ ಹೆಸರನ್ನು ತಿಳಿದು, ಪೇಟೆಂಟ್ ಅವಧಿ ಮುಗಿದಿದೆಯೇ ಎಂದು ನೋಡಿಯೇ ತರಲಿ. ಪ್ರತಿ ಕುಂಡದ ಮೇಲೆ ತಳಿಯ ಹೆಸರೂ ಅದನ್ನು ರೂಪಿಸಿದವರ ಹೆಸರೂ ಕನ್ನಡದಲ್ಲಿರಲಿ. ನಿಂಬೆಯ ಜಾತಿಗೆ ರೋಗ ಹರಡುವ ಕೀಟದ ದೆಸೆಯಿಂದ ಕರಿಬೇವಿನ ಗಿಡಗಳ ಸಾಗಣೆಗೆ ನಿರ್ಬಂಧವಿದೆಯೆಂದು ತಿಳಿದಾಗ, ಅದನ್ನು ನಾವು ಮಳಿಗೆಯಿಂದ ಮರುಮಾತಿಲ್ಲದೆ ಕೈಬಿಟ್ಟೆವು. ಕರಿಬೇವನ್ನೇ ಬಿಟ್ಟ ಕನ್ನಡಿಗರಿಗೆ ಒಂದು ಗುಲಾಬಿಯನ್ನು ಬಿಡುವುದು ಕಷ್ಟವಲ್ಲ. ಕಳೆದ ವರ್ಷದ ಮಾರಾಟದ ಮೊತ್ತದಷ್ಟನ್ನು ನಾನು ಸ್ವಂತವಾಗಿ ತರಗತಿಯ ನಿಧಿಗೆ ಕೊಡುತ್ತೇನೆ. ಮಕ್ಕಳ ಪುಸ್ತಕಕ್ಕೆ ಕೊರತೆಯಾಗದು. ತಳಿಯ ಒಡೆಯರಿಗೂ ನಡೆದದ್ದನ್ನು ತಿಳಿಸಿ ಪತ್ರ ಬರೆದಿದ್ದೇನೆ.

ಕಡೆಯದಾಗಿ ಒಂದು ಸಂತೋಷದ ಮಾತು. ಸಸ್ಯ ಪೇಟೆಂಟ್ ತಡೆಯುವುದು ಕಡ್ಡಿಯಿಂದ, ಕಸಿಯಿಂದ ಮಾಡುವ ನಕಲನ್ನು; ಎರಡು ಗುಲಾಬಿಗಳ ಪರಾಗ ಸೇರಿಸಿ ಬೀಜದಿಂದ ಹೊಸ ಗಿಡ ಪಡೆಯುವುದನ್ನಲ್ಲ. ನಕಲು ಮಾಡುವ ಬಾಗಿಲಿಗೆ ಬೀಗವಿದೆ, ಹೊಸದನ್ನು ಹುಟ್ಟಿಸುವ ಬಾಗಿಲು ತೆರೆದೇ ಇದೆ. ಈ ಬೇಸಗೆಯ ಮೊದಲಲ್ಲಿ ಕನ್ನಡ ತರಗತಿಯ ಮಕ್ಕಳಿಗೆ ಒಂದು ಚಿಮಟ, ಒಂದು ಕುಂಚ ಕೊಟ್ಟು, ನಮ್ಮ ಹಿತ್ತಲಿನಲ್ಲಿ 'ಸ್ವೀಟ್ ಚಾರಿಯಟ್' ಗಿಡದ ಮೇಲೆ ಈ ಕೆಲಸ ಕಲಿಸಲು ಆ ಹಿರಿಯ ಅಧ್ಯಾಪಕರು ಒಪ್ಪಿದ್ದಾರೆ. ಮೊಳೆತವುಗಳಲ್ಲಿ ಹೆಚ್ಚಿನವು ಬುಟ್ಟಿಗೇ ಹೋದಾವು. ಒಂದು ಉಳಿದರೆ, ಅದಕ್ಕೆ ಮಕ್ಕಳೇ ಕನ್ನಡದ ಹೆಸರಿಡಲಿ. ಅದರ ಕಡ್ಡಿಯನ್ನು ಕೇಳಿದವರಿಗೆಲ್ಲ ಕೊಡೋಣ.

ಬರಲಿಚ್ಛಿಸುವ ಮಕ್ಕಳ ಹೆಸರನ್ನು ತರಗತಿಯ ಶಿಕ್ಷಕರಲ್ಲಿ ನೋಂದಾಯಿಸಿ. ನನ್ನ ಅಭಿಪ್ರಾಯ ಒಪ್ಪಿಗೆಯಾಗದವರು ಮುಂದಿನ ಸಂಚಿಕೆಗೆ ದಯವಿಟ್ಟು ಬರೆಯಿರಿ.