ನಾಲಿಗೆಗೆ ಜಾತಿ ಸರ್ಟಿಫಿಕೇಟು

ಮೂರನೇ ಕ್ಲಾಸಿನಲ್ಲಿ ಹಾಲಿಗೆ ‘ಆಲು’ ಅಂದೆ. ಮೇಷ್ಟ್ರು ಹುಣಸೆ ಬರಲು ಪುಡಿಯಾಗುವ ತನಕ ಬಾರಿಸಿದರು. “ನಿಮ್ ಕೇರಿ ನಾಲಿಗೆಗೆ ಕನ್ನಡ ಎಲ್ ಹತ್ತುತ್ಲಾ?” ಅಂದರು. ಅಸಲಿಗೆ ನಮ್ಮ ಮನೆಯಲ್ಲಿ ಹಾಲೂ ಇರಲಿಲ್ಲ, ಆಲೂ ಇರಲಿಲ್ಲ. ಕರಿ ಟೀ ಇತ್ತು.

ಮೊನ್ನೆ ಒಂದು ಗೋಷ್ಠಿ. ಇಂಗ್ಲಿಷಿನಲ್ಲಿ ಬರೆದ ಚೆಕ್ಕರು ಚೆಕ್ ಸಾಹಿತಿಗಳು ಹೌದೋ ಅಲ್ಲವೋ ಅಂತ ಚರ್ಚೆ. ರೇಷ್ಮೆ ಶಾಲಿನ ವಿದ್ವಾಂಸರು ಮುಕ್ಕಾಲು ಗಂಟೆ ‘ಭಾಷೆಯೇ ರಾಷ್ಟ್ರದ ಆತ್ಮ’ ಎಂದು ಕೊರೆದರು. ನಾನು ಹಿಂದಿನ ಸಾಲಿನಲ್ಲಿ ಕೂತು ಅಂಗೈ ಸವರಿಕೊಳ್ಳುತ್ತಿದ್ದೆ.

ಆತ್ಮವಂತೆ! ಪ್ರಾಗ್‌ನಲ್ಲಿ ಆ ಆತ್ಮದ ಅಂಗಡಿ ಹೇಗೆ ನಡೆದಿದೆ, ನೋಡಿ.

ಕಾಫ್ಕಾ ಹುಟ್ಟಿದ್ದು ಅಲ್ಲೇ, 1883ರಲ್ಲಿ. ಬರೆದದ್ದು ಜರ್ಮನ್. ಚೆಕ್ಕರಿಗೆ ಅವನು ಜರ್ಮನ್ನ, ಜರ್ಮನ್ನರಿಗೆ ಯಹೂದಿ. ಅವನ ಮೂವರು ತಂಗಿಯರನ್ನೂ ನಾಜಿಗಳು ಕೊಂದರು. ಯುದ್ಧ ಮುಗಿದದ್ದೇ ತಡ, ಚೆಕೊಸ್ಲೊವಾಕಿಯಾ ಸುಮಾರು 30 ಲಕ್ಷ ಜರ್ಮನ್ನರನ್ನು ಗಂಟುಮೂಟೆ ಕಟ್ಟಿಸಿ ಗಡಿ ದಾಟಿಸಿತು. ಕಮ್ಯುನಿಸ್ಟರು ಅವನ ಪುಸ್ತಕಗಳನ್ನು ಅಟ್ಟಕ್ಕೆ ಎಸೆದರು. ಈಗ ಅದೇ ಊರಿನಲ್ಲಿ ಅವನ ಮುಖದ ಟೀ ಶರ್ಟು, ಕಾಫಿ ಮಗ್ಗು. 2014ರಲ್ಲಿ ಮಾಲ್ ಪಕ್ಕ ಅವನದೊಂದು ಉಕ್ಕಿನ ತಲೆ ನಿಲ್ಲಿಸಿದ್ದಾರೆ. ಪದರಪದರವಾಗಿ ಸುತ್ತುತ್ತದೆ, ಮುಖ ಯಾವ ಕಡೆಗೆ ಅಂತ ಅದಕ್ಕೇ ಗೊತ್ತಿಲ್ಲ, ಪಾಪ.

ಭಾಷೆಯನ್ನು ಓಡಿಸಿದರು, ತಲೆಯನ್ನು ಇಟ್ಟುಕೊಂಡರು.

ಸರಿ, ಕುಂದೇರಾ ಚೆಕ್‌ನಲ್ಲೇ ಬರೆದವನಲ್ಲವೇ? 1979ರಲ್ಲಿ ಅವನ ಪೌರತ್ವ ಕಿತ್ತುಕೊಂಡರು. ಫ್ರಾನ್ಸ್ ಸೇರಿದ್ದವನು ಮುಂದೆ ಫ್ರೆಂಚಿನಲ್ಲೇ ಕಾದಂಬರಿ ಬರೆದಾಗ ಊರವರಿಗೆ ಮಾತೃಭಾಷೆ ನೆನಪಾಗಿ ಮುನಿಸು ಬಂತು. ಕತ್ತು ಹಿಡಿದು ಆಚೆಗೆ ತಳ್ಳಿ, ಅಗುಳಿ ಹಾಕಿಕೊಂಡು, ಕಿಟಕಿಯಿಂದ “ಯಾಕೋ ಪಕ್ಕದ ಜಗಲೀಲಿ ಮಲಗಿದ್ದೀಯ?” ಅಂತ ಗದರಿದ ಹಾಗೆ. 2019ರಲ್ಲಿ, ಅವನಿಗೆ 90 ತುಂಬಿದ ಮೇಲೆ, ಚೆಕ್ ರಾಯಭಾರಿ ಪ್ಯಾರಿಸಿನ ಮನೆಗೇ ಹೋಗಿ ಪೌರತ್ವದ ಕಾಗದ ಕೊಟ್ಟು ಬಂದರು.

ಇನ್ನೂ ತಮಾಷೆ ಬೇಕೆ? 1968ರಲ್ಲಿ ನುಗ್ಗಿದ ಸೋವಿಯತ್ ಟ್ಯಾಂಕುಗಳಿಗೆ ಬೆನ್ನು ಹಾಕಿ ಟೊರಾಂಟೊ ಸೇರಿದ ಶ್ಕ್ವೊರೆಟ್ಸ್ಕಿ ಬರೆದದ್ದು ಚೆಕ್‌ನಲ್ಲಿ. 1984ರಲ್ಲಿ ಕೆನಡಾ ಅವನ ಕಾದಂಬರಿಯೊಂದರ ಅನುವಾದಕ್ಕೆ ಇಂಗ್ಲಿಷ್ ಕಾದಂಬರಿಯ ಬಹುಮಾನ ಕೊಟ್ಟಿತು. ಅಮೆರಿಕಕ್ಕೆ ಹೋದ ಯಾನ್ ನೊವಾಕ್ ಬರೆದದ್ದು ಇಂಗ್ಲಿಷಿನಲ್ಲಿ. ಅವನ ಪುಸ್ತಕವೊಂದರ ಚೆಕ್ ಅನುವಾದಕ್ಕೆ ಚೆಕ್ಕರದೇ 2005ರ ಮ್ಯಾಗ್ನೇಸಿಯಾ ಲಿತೆರಾ ಪ್ರಶಸ್ತಿ, ವರ್ಷದ ಪುಸ್ತಕವೆಂದು! ಕೀರ್ತಿ ಬಂದರೆ ಯಾವ ಭಾಷೆಯೂ ಮಡಿ.

ಆದರೆ ನನ್ನ ಹೊಟ್ಟೆಗೆ ಬಿದ್ದ ಕಲ್ಲು ಇಂಗ್ಲಿಷಿನಲ್ಲಿ ನಾಟಕ ಬರೆದ ಟಾಮ್ ಸ್ಟಾಪರ್ಡ್. ಹುಟ್ಟಾ ತೊಮಾಶ್ ಸ್ಟ್ರಾಸ್ಲರ್, 1937ರಲ್ಲಿ, ಜ್ಲೀನ್ ಎಂಬ ಬಾಟಾ ಕಂಪನಿಯ ಊರಿನಲ್ಲಿ. ಹೌದು, ನಿಮ್ಮ ಕಾಲಲ್ಲಿರುವ ಅದೇ ಬಾಟಾ. ಅದು ನಮ್ಮ ಸಂತೆಗೆ ಬಂದ ಮೇಲೆ ಅಪ್ಪ ಹೊಲಿದ ಕೆರ ಕೇಳುವವರಿಲ್ಲದೆ ಗೂಟದಲ್ಲೇ ಒಣಗಿತು. ಅದು ಬೇರೆ ಕತೆ. ಹುಡುಗನ ಅಪ್ಪ ಬಾಟಾದ ಡಾಕ್ಟರು. ನಾಜಿಗಳಿಗೆ ಹೆದರಿ ಸಿಂಗಪುರಕ್ಕೆ ಓಡಿದರು. ಅಪ್ಪ ಯುದ್ಧದಲ್ಲಿ ಸತ್ತ. ಅವ್ವ ಡಾರ್ಜಿಲಿಂಗಿನಲ್ಲಿ ಬಾಟಾ ಅಂಗಡಿ ನೋಡಿಕೊಂಡು ಮಕ್ಕಳನ್ನು ಸಾಕಿದಳು. ಬ್ರಿಟಿಷ್ ಮೇಜರೊಬ್ಬನನ್ನು ಮದುವೆಯಾದಳು. ಮಗನಿಗೆ ಹೊಸ ಹೆಸರು, ಹೊಸ ಭಾಷೆ. ಅಜ್ಜ ಅಜ್ಜಿಯರು ನಾಲ್ವರೂ ನಾಜಿ ಕ್ಯಾಂಪುಗಳಲ್ಲಿ ಸತ್ತರೆಂದು ಅವನಿಗೆ ತಿಳಿದದ್ದು ಐವತ್ತು ದಾಟಿದ ಮೇಲೆ. ಅವ್ವ ಸತ್ತ ನಂತರ ಮಲತಂದೆ, ನನ್ನ ಹೆಸರು ಬಿಡು ಅಂದನಂತೆ. ಅಷ್ಟು ಹೊತ್ತಿಗೆ ಆ ಹೆಸರನ್ನು ಲೋಕವೆಲ್ಲ ಬಲ್ಲದು.

ಇವನನ್ನು ನಿಲ್ಲಿಸಿಕೊಂಡು ‘ನೀನು ಚೆಕ್ಕೋ ಇಂಗ್ಲಿಷೋ’ ಅಂತ ಕೇಳುತ್ತೀರಾ? ಥೂ.

ಕೇಳುವವರು ನನಗೆ ಗೊತ್ತು. ನನ್ನ ಕತೆಯೊಂದನ್ನು ಪತ್ರಿಕೆಯೊಂದು ‘ವಸ್ತು ಚೆನ್ನಾಗಿದೆ, ಭಾಷೆ ಶಿಷ್ಟವಾಗಿಲ್ಲ’ ಎಂದು ವಾಪಸ್ ಕಳಿಸಿತ್ತು. ಅದೇ ಕತೆ ಇಂಗ್ಲಿಷಿಗೆ ಹೋಯಿತು. ಅಲ್ಲಿ ಹಾಲೂ ಒಂದೇ ಆಲೂ ಒಂದೇ: ಮಿಲ್ಕು. ಕೇರಿಯ ವಾಸನೆ ತೊಳೆದುಹೋಯಿತು. ಆಮೇಲೆ ವಾಪಸ್ ಕಳಿಸಿದವರೇ ವೇದಿಕೆಗೆ ಕರೆದು, ಗಂಧದ ಹಾರ ಹಾಕಿ, ‘ಕನ್ನಡದ ಹೆಮ್ಮೆ’ ಅಂದರು. ಹಾರ ಕತ್ತಿಗೆ ಚುಚ್ಚುತ್ತಿತ್ತು.

ಇದನ್ನು ಅಚ್ಚಿಗೆ ಕಳಿಸುವವರಿಗೊಂದು ಮಾತು: ಮೇಲೆ ‘ಆಲು’ ಎಂದಿರುವುದು ಕರಡಿನ ತಪ್ಪಲ್ಲ. ತಿದ್ದಬೇಡಿ.