ಮಾತಿನ ಹಕ್ಕು ಮತ್ತು ಸತ್ಯಾಣುವ್ರತ

ಭಾರತದ ಸಂವಿಧಾನವು 19ನೇ ವಿಧಿಯಲ್ಲಿ ವಾಕ್ ಸ್ವಾತಂತ್ರ್ಯವನ್ನು ಕೊಟ್ಟು, ಮಾನಹಾನಿ, ಸಾರ್ವಜನಿಕ ಸುವ್ಯವಸ್ಥೆ ಮೊದಲಾದ ಕಾರಣಗಳಿಗಾಗಿ ಅದಕ್ಕೆ ಮಿತಿಯನ್ನೂ ಅಲ್ಲಿಯೇ ಹೇಳಿದೆ. ಕಾನೂನು ಬಹುಮಟ್ಟಿಗೆ ಮಾತು ಹೊರಬಿದ್ದ ಮೇಲೆ ವಿಚಾರಿಸುತ್ತದೆ. ಜೈನಶಾಸ್ತ್ರದ ವಿಚಾರಣೆ ಅದಕ್ಕಿಂತ ಮೊದಲಿನದು.

ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರವು ಶ್ರಾವಕನ ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಅವುಗಳಲ್ಲಿ ಎರಡು ಈ ಮೊಬೈಲ್ ಯುಗಕ್ಕೆಂದೇ ರಚಿತವಾದಂತಿವೆ. ಪರರ ಏಕಾಂತದ ಸಂಗತಿಯನ್ನು ಬಯಲು ಮಾಡುವುದು ರಹೋಭ್ಯಾಖ್ಯಾನ. ಮುಖಭಾವ, ಅಂಗಚೇಷ್ಟೆಗಳಿಂದ ಪರರ ಮನದಿಂಗಿತವನ್ನು ಊಹಿಸಿ ಅಸೂಯೆಯಿಂದ ಪ್ರಕಟಿಸುವುದು ಸಾಕಾರಮಂತ್ರಭೇದ. ಎರಡರಲ್ಲಿಯೂ ಆಡಿದ ಮಾತು ನಿಜವೇ ಇರಬಹುದು! ಆದರೂ ವ್ರತ ಮಲಿನವಾಗುತ್ತದೆ. ವಿಪತ್ತನ್ನು ತರುವ ಸತ್ಯವೂ ಶ್ರಾವಕನಿಗೆ ಸಲ್ಲದೆಂಬುದು ಸಮಂತಭದ್ರಾಚಾರ್ಯರ ಮತ.

ಹಾಗೆಂದು ಇದು ಬಾಯಿ ಮುಚ್ಚಿಸುವ ಧರ್ಮವಲ್ಲ. ಮೌನವನ್ನು ವಚನಗುಪ್ತಿಯೆಂದೂ ಎಚ್ಚರದ, ಹಿತಮಿತವಾದ ಮಾತನ್ನು ಭಾಷಾಸಮಿತಿಯೆಂದೂ ಆಚಾರ್ಯರು ಬೇರೆಬೇರೆಯಾಗಿ ಇರಿಸಿದ್ದಾರೆ. ವಸ್ತುವು ಅನೇಕಾಂತಾತ್ಮಕವಾದುದರಿಂದ ಎದುರಾಳಿಯ ನುಡಿಯಲ್ಲಿಯೂ ಸತ್ಯದ ಒಂದಂಶ ಇದ್ದೀತು. ಅವನನ್ನು ತಡೆದರೆ ಆ ಅಂಶ ಕೇಳುವವನಿಗೇ ನಷ್ಟ. ವ್ರತದ ಬೇಲಿ ಶ್ರಾವಕನ ನಾಲಿಗೆಗೆ, ನೆರೆಯವನ ನಾಲಿಗೆಗಲ್ಲ.

ಸುಳ್ಳು ಸಂದೇಶವನ್ನು ಮುಂದಕ್ಕೆ ಕಳುಹಿಸಿದವನು "ಬರೆದವನು ನಾನಲ್ಲ" ಎನ್ನುತ್ತಾನೆ. ತಾನು ಮಾಡಿದ್ದು, ಪರರಿಂದ ಮಾಡಿಸಿದ್ದು, ಮೆಚ್ಚಿ ಒಪ್ಪಿದ್ದು ಮೂರನ್ನೂ ಕರ್ಮಾಸ್ರವಕ್ಕೆ ಕಾರಣವೆಂದು ಎಣಿಸುವ ಶಾಸ್ತ್ರದಲ್ಲಿ ಆ ಸಮಾಧಾನಕ್ಕೆ ಎಡೆಯಿಲ್ಲ.